ಎಕ್ಸೆಟರ್ ಮ್ಯಾಚ್ ಹಲಸೂರಲ್ಲಿ ಕಾಣುತ್ತೆ, ಕಂಠೀರವದ ಮ್ಯಾಚ್ ಕುವೈತಲ್ಲಿ ಯಾಕೆ ಕಷ್ಟ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್ ಸ್ಪೋರ್ಟ್ಸ್ ಪೇಜಲ್ಲಿ ಫುಟ್‌ಬಾಲಿಗೆ ಎಷ್ಟು ಜಾಗ ಸಿಗುತ್ತೆ ಅಂತ ನಿಮಗೂ ಗೊತ್ತು ನಮಗೂ ಗೊತ್ತು, ಇವತ್ತು ಆ ಜಗಳ ಬೇಡ. ನಾನು ಬರೀತಿರೋದು ಬೇರೆ ವಿಷಯಕ್ಕೆ. ದೇಶ ಬಿಟ್ಟು ಹೋದ ಅಭಿಮಾನಿಗೆ ಮ್ಯಾಚ್ ಲೈವ್ ತೋರಿಸೋ ಕೆಲಸ ಕ್ಲಬ್ಬಿನ ಕೈಯಲ್ಲೇ ಇರಬೇಕು, ಅದರ ದುಡ್ಡು ಕ್ಲಬ್ಬಿಗೇ ಸೇರಬೇಕು, ನಮ್ಮ ಬೆಂಗಳೂರು ಎಫ್‌ಸಿಗೂ ಆ ಹಕ್ಕು ಸಿಗಬೇಕು ಅನ್ನೋದು ನನ್ನ ವಾದ. ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಯಾರು ನಡೆಸ್ತಾರೆ, ಯಾರು ತೋರಿಸ್ತಾರೆ ಅಂತ ಎಲ್ಲಾ ಹೊಸದಾಗಿ ಮಾತುಕತೆ ಆಗ್ತಿರೋ ಹೊತ್ತಲ್ಲೇ ಈ ಮಾತು ಎತ್ತಬೇಕು, ಸಹಿ ಬಿದ್ದ ಮೇಲೆ ಬಾಯಿ ಬಡ್ಕೊಂಡು ಪ್ರಯೋಜನ ಇಲ್ಲ.

ಇದನ್ನ ಹೇಳೋಕೆ ನಾನ್ಯಾರು ಅಂದ್ರೆ, ನಾನೇ ಒಬ್ಬ ಹೊರದೇಶದ ಅಭಿಮಾನಿ, ಆದರೆ ಉಲ್ಟಾ. ಮನೆ ಹಲಸೂರಲ್ಲಿ, ಕ್ಲಬ್ ಇರೋದು ಇಂಗ್ಲೆಂಡಿನ ಡೆವನ್ ಅನ್ನೋ ಕಡೆ, ಹೆಸರು ಎಕ್ಸೆಟರ್ ಸಿಟಿ. ಎಂಎಸ್‌ಸಿ ಓದೋಕೆ ಹೋದಾಗ ಹತ್ತಿದ ಹುಚ್ಚು, ವಾಪಸ್ ಬಂದ ಮೇಲೂ ಬಿಡಲಿಲ್ಲ. ಕೇಳಿದವರೆಲ್ಲಾ ಮ್ಯಾಂಚೆಸ್ಟರ್ ಯುನೈಟೆಡ್ಡಾ, ಲಿವರ್‌ಪೂಲಾ ಅಂತಾರೆ, ಎಕ್ಸೆಟರ್ ಅಂದ ತಕ್ಷಣ ಮುಖ ನೋಡ್ತಾರೆ. ದೊಡ್ಡ ಕ್ಲಬ್ ಅಲ್ಲ ಸಾರ್, ಮೂರನೇ ನಾಲ್ಕನೇ ಡಿವಿಷನ್ನಲ್ಲೇ ಓಡಾಡಿಕೊಂಡಿರೋ ಕ್ಲಬ್ಬು. ಆದರೆ 1914ರಲ್ಲಿ ರಿಯೊಗೆ ಹೋಗಿ ಬ್ರೆಜಿಲ್ ದೇಶದ ಟೀಮ್ ಅಂತ ಮೊಟ್ಟಮೊದಲು ಇಳಿದ ಟೀಮಿನ ಎದುರು ಆಡಿದ್ದು ಇದೇ ಎಕ್ಸೆಟರ್, 2-0 ಸೋತರು, ಸೋತರೂ ಆ ಊರಲ್ಲಿ ಇವತ್ತಿಗೂ ಅದನ್ನ ಹೇಳ್ಕೊಂಡು ತಿರುಗ್ತಾರೆ.

ವಾಪಸ್ ಬಂದ ಹೊಸದರಲ್ಲಿ ಸ್ಕೋರ್ ನೋಡೋದೊಂದೇ ದಾರಿ ಇತ್ತು. ಲೀಗ್ ಟೂ, ಅಂದ್ರೆ ಅಲ್ಲಿನ ನಾಲ್ಕನೇ ಡಿವಿಷನ್ ಮ್ಯಾಚನ್ನ ಭಾರತದಲ್ಲಿ ಯಾವ ಚಾನೆಲ್ ತೋರಿಸ್ತಾನೆ ಹೇಳಿ. ಆಮೇಲೆ 2017-18ರ ಸೀಸನ್ನಿಂದ ಇಂಗ್ಲಿಷ್ ಫುಟ್‌ಬಾಲ್ ಲೀಗಿನವರು ಐಫಾಲೋ ಅಂತ ಒಂದು ಸರ್ವಿಸ್ ಶುರು ಮಾಡಿದ್ರು. ಪ್ರೀಮಿಯರ್ ಲೀಗಿನ ಕೆಳಗೆ ಮೂರು ಡಿವಿಷನ್ನಲ್ಲಿ ಸೇರಿ 72 ಕ್ಲಬ್ ಇವೆ, ಒಂದೊಂದಕ್ಕೂ ಸೀಸನ್ನಿಗೆ 46 ಲೀಗ್ ಮ್ಯಾಚು. ಬ್ರಿಟನ್, ಐರ್ಲೆಂಡ್ ಬಿಟ್ಟು ಹೊರಗಿರೋ ಅಭಿಮಾನಿ ಅವನ ಕ್ಲಬ್ಬಿನ ವೆಬ್‌ಸೈಟಿಗೇ ಹೋಗಿ ವರ್ಷಕ್ಕೆ 110 ಪೌಂಡ್ ಕಟ್ಟಿದ್ರೆ, ಆ ದೇಶದ ಟಿವಿಯವರು ಎತ್ಕೊಂಡಿರೋ ಮ್ಯಾಚ್ ಬಿಟ್ಟು ಮಿಕ್ಕಿದ್ದೆಲ್ಲಾ ಲೈವ್. ಆಗಿನ ಲೆಕ್ಕಕ್ಕೆ 9 ಸಾವಿರ ರೂಪಾಯಿ ಆಸುಪಾಸು. ಮನೇಲಿ ಬೈಸಿಕೊಂಡೇ ಕಟ್ಟಿದೆ. ಡರ್ಬಿ, ಲೀಡ್ಸ್ ಥರದ ಸ್ವಲ್ಪ ದೊಡ್ಡ ಕ್ಲಬ್ಬುಗಳು ಇದರಿಂದ ಹೊರಗೆ ನಿಂತು ಸ್ವಂತ ಟಿವಿ ಮಾಡ್ಕೊಂಡ್ವು, ಸ್ಕಾಟ್ಲೆಂಡಿನ ಸೆಲ್ಟಿಕ್ ಟಿವಿ ಕೂಡ ಹೊರದೇಶದವರಿಗೆ ಲೈವ್ ತೋರಿಸುತ್ತೆ. ದಾರಿ ಬೇರೆ ಬೇರೆ, ಲೆಕ್ಕಾಚಾರ ಒಂದೇ: ದೂರ ಇರೋ ಅಭಿಮಾನಿ ಹತ್ರ ಕ್ಲಬ್ಬೇ ನೇರವಾಗಿ ವ್ಯವಹಾರ ಮಾಡೋದು.

ಪಿಕ್ಚರ್ ಹೇಗಿರುತ್ತೆ ಅಂದ್ರೆ, ಐಪಿಎಲ್ ನೋಡಿ ಅಭ್ಯಾಸ ಆದವರಿಗೆ ನಗು ಬರುತ್ತೆ. ಹೆಚ್ಚಿನ ಮ್ಯಾಚಿಗೆ ಒಂದು ಕ್ಯಾಮೆರಾ, ಸ್ಟ್ಯಾಂಡ್ ಮೇಲಿಂದ ಅದೇ ಆ ಕಡೆ ಈ ಕಡೆ ತಿರುಗ್ತಾ ಇರುತ್ತೆ. ಗೋಲ್ ಮಿಸ್ ಆದ್ರೆ ಮಿಸ್ ಆಯ್ತು, ರೀಪ್ಲೇ ಬರ್ಲೂಬಹುದು ಬರದೇನೂ ಇರಬಹುದು. ಮಳೆ ಗಾಳಿ ಒಟ್ಟಿಗೆ ಬಂದ ದಿನ ಲೆನ್ಸ್ ಮೇಲೆ ಹನಿ ಕೂತು ಆಡೋರ ಮುಖನೇ ಕಾಣಲ್ಲ, ಯಾರೋ ಬಟ್ಟೆ ತಗೊಂಡು ಒರೆಸಿದಾಗ ಸ್ಕ್ರೀನ್ ತುಂಬಾ ಒಂದು ಕೈ ಬಂದು ಹೋಗುತ್ತೆ. ಕಾಮೆಂಟ್ರಿ ಬಹಳ ಸಲ ಲೋಕಲ್ ರೇಡಿಯೋದ್ದೇ, ಅವರು ಪಿಕ್ಚರ್ ಇಲ್ಲ ಅನ್ಕೊಂಡೇ ಮಾತಾಡೋದ್ರಿಂದ ಬಾಲ್ ಎಲ್ಲಿದೆ ಅಂತ ಬಿಡಿಸಿ ಬಿಡಿಸಿ ಹೇಳ್ತಾರೆ, ನಾನು ಅಡಿಗೆಮನೇಲಿ ಚಪಾತಿ ಬೇಯಿಸ್ತಾ ಕೇಳಿದ್ರೂ ಆಟ ಅರ್ಥ ಆಗುತ್ತೆ. ಅವರ ಗ್ರೌಂಡ್ ಹೆಸರು ಸೇಂಟ್ ಜೇಮ್ಸ್ ಪಾರ್ಕ್, ಪಕ್ಕದಲ್ಲೇ ರೈಲ್ವೆ ಲೈನು, ಒಂದು ಕಡೆ ಬಿಗ್ ಬ್ಯಾಂಕ್ ಅಂತ ಜನ ನಿಂತ್ಕೊಂಡೇ ನೋಡೋ ಜಾಗ, ಅಲ್ಲಿ ನಾನೂ ಒದ್ದೆ ಆಗಿ ನಿಂತಿದ್ದೋನೇ. ಆ ಗದ್ದಲ ಇಯರ್‌ಫೋನಲ್ಲಿ ಬಂದ್ರೆ ಸಾಕು, ಫೋರ್‌ಕೆ ಗೀರ್‌ಕೆ ಯಾವನಿಗೆ ಬೇಕು.

ಟೈಮ್ ವಿಷಯದಲ್ಲಿ ನಾವು ಪುಣ್ಯವಂತರು. ಅಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆ ಅಂದ್ರೆ ಅವರ ಬೇಸಿಗೇಲಿ ನಮಗೆ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ, ಊಟದ ಹೊತ್ತಿಗೆ ಸರಿಯಾಗಿ ಬರುತ್ತೆ. ವಾರದ ಮಧ್ಯದ ಮ್ಯಾಚ್ ಮಾತ್ರ ಕಷ್ಟ. 2022ರ ಏಪ್ರಿಲ್ 26, ಮಂಗಳವಾರ, ಬ್ಯಾರೋ ಮೇಲೆ 2-1 ಗೆದ್ದು ಮೂರನೇ ಡಿವಿಷನ್ ಲೀಗ್ ಒನ್‌ಗೆ ಹತ್ತಿದ ರಾತ್ರಿ ನಮಗಿಲ್ಲಿ ಬುಧವಾರ ಆಗಿಹೋಗಿತ್ತು, ಕಿರುಚೋ ಹಾಗೂ ಇಲ್ಲ, ಮಗು ಮಲಗಿದೆ, ದಿಂಬು ಬಾಯಿಗೆ ಒತ್ಕೊಂಡು ಕೂತಿದ್ದೆ.

ಇದರಲ್ಲಿ ಒಂದು ತಮಾಷೆ ಇದೆ. ಹಲಸೂರಲ್ಲಿ ಕೂತ ನನಗೆ ಆ ಶನಿವಾರದ ಮ್ಯಾಚ್ ಕಾಣುತ್ತೆ, ಎಕ್ಸೆಟರ್ ಊರಲ್ಲೇ ಮನೇಲಿ ಕೂತ ಅಜ್ಜನಿಗೆ ಕಾಣಲ್ಲ. ಬ್ರಿಟನ್ನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರ ತನಕ ಫುಟ್‌ಬಾಲ್ ಲೈವ್ ತೋರಿಸೋ ಹಾಗಿಲ್ಲ ಅಂತ ಹಳೇ ನಿಯಮ. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಚೇರ್ಮನ್ ಆಗಿದ್ದ ಬಾಬ್ ಲಾರ್ಡ್ ಅನ್ನೋರು, ಟಿವೀಲಿ ದೊಡ್ಡ ಮ್ಯಾಚ್ ಬಂದ್ರೆ ಸಣ್ಣ ಕ್ಲಬ್ಬಿನ ಗ್ರೌಂಡಿಗೆ ಯಾರೂ ಬರಲ್ಲ ಅಂತ ಹಠ ಹಿಡಿದು ಮಾಡಿಸಿದ್ದು, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಿಯಮಾವಳಿಯ 48ನೇ ಕಲಮಲ್ಲಿ ಅದಕ್ಕೆ ಜಾಗ ಇದೆ. ಕೊರೊನಾ ಟೈಮಲ್ಲಿ ಗ್ರೌಂಡೇ ಖಾಲಿ ಇದ್ದಾಗ ಮಾತ್ರ ಅದನ್ನ ಸಡಿಲ ಮಾಡಿ, ಅಲ್ಲಿಯವರಿಗೂ ಮ್ಯಾಚಿಗೆ 10 ಪೌಂಡಿನ ಹಾಗೆ ಪಾಸ್ ಮಾರಿದ್ರು. ಮಿಕ್ಕ ಟೈಮಲ್ಲಿ ಅಲ್ಲಿನ ಕೆಲವರು ವಿಪಿಎನ್ ಹಾಕ್ಕೊಂಡು ತಾವು ಹೊರದೇಶದಲ್ಲಿದ್ದೀವಿ ಅಂತ ಸುಳ್ಳು ಹೇಳಿ ನೋಡ್ತಾರೆ, ನಾವಿಲ್ಲಿ ಏನೇನೋ ನೋಡೋಕೆ ಅಮೆರಿಕದಲ್ಲಿದ್ದೀವಿ ಅಂತ ಸುಳ್ಳು ಹೇಳಲ್ವಾ, ಅದೇ. ನನ್ನ ಕೇಳಿದ್ರೆ ಆ ನಿಯಮ ಸರಿನೇ. ಟಿವಿ ಮುಂದೆ ಕೂತೋನು ಗ್ರೌಂಡಲ್ಲಿ ಮಾರೋ ಪೈ ತಿನ್ನಲ್ಲ, ಟಿಕೆಟ್ ತಗೊಳ್ಳಲ್ಲ, ಕ್ಲಬ್ ಬದುಕೋದು ಅದರಲ್ಲೇ. ಆದರೆ ಬೆಂಗಳೂರಲ್ಲಿರೋ ನಾನು ಹೆಂಗೂ ಗ್ರೌಂಡಿಗೆ ಹೋಗೋನಲ್ಲ, ನನಗೆ ತೋರಿಸಿದ್ರೆ ಅವರ ಗೇಟಲ್ಲಿ ಒಂದು ಟಿಕೆಟ್ಟೂ ಕಮ್ಮಿ ಆಗಲ್ಲ, ಬರೋದೆಲ್ಲಾ ಮೇಲಿನ ದುಡ್ಡು. ಹೊರದೇಶದ ಸ್ಟ್ರೀಮಿಂಗ್ ನಿಂತಿರೋದೇ ಈ ಲೆಕ್ಕದ ಮೇಲೆ.

ಆ ದುಡ್ಡು ಯಾರಿಗೆ ಹೋಗುತ್ತೆ ಅನ್ನೋದು ಎಕ್ಸೆಟರ್ ವಿಷಯದಲ್ಲಿ ಇನ್ನೂ ಮುಖ್ಯ. 2002ರಲ್ಲಿ ಮೈಕಲ್ ಜಾಕ್ಸನ್ ಬಂದು ಆ ಗ್ರೌಂಡಲ್ಲಿ ನಿಂತು ಕೈ ಬೀಸಿ ಹೋಗಿದ್ದ (ನಿಜ ಸಾರ್, ಚಮಚ ಬಗ್ಗಿಸೋ ಯೂರಿ ಗೆಲ್ಲರ್ ಆಗ ಕ್ಲಬ್ಬಲ್ಲಿ ಪದಾಧಿಕಾರಿ, ಅವನೇ ಕರ್ಕೊಂಡು ಬಂದಿದ್ದು), ಮುಂದಿನ ವರ್ಷವೇ ಕ್ಲಬ್ ಲೀಗಿನಿಂದಲೇ ಹೊರಗೆ ಬಿತ್ತು, ಮೈತುಂಬಾ ಸಾಲ. ಆಗ ಅಭಿಮಾನಿಗಳೇ ಟ್ರಸ್ಟ್ ಮಾಡ್ಕೊಂಡಿದ್ರಲ್ಲ, ಅವರೇ ಕೈಯಿಂದ ಹಾಕಿ ಕ್ಲಬ್ ಉಳಿಸಿಕೊಂಡ್ರು, 2003ರಿಂದ ಕ್ಲಬ್ಬಿನ ಮಾಲೀಕರು ಅವರೇ. 2005ರ ಜನವರೀಲಿ ಎಫ್‌ಎ ಕಪ್ ಅನ್ನೋ ನಾಕೌಟ್ ಟೂರ್ನಿಯಲ್ಲಿ ಓಲ್ಡ್ ಟ್ರಾಫರ್ಡಿಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 0-0 ಮಾಡಿ ರೀಪ್ಲೇ, ಅಂದ್ರೆ ಇನ್ನೊಂದು ಮ್ಯಾಚ್ ಗಿಟ್ಟಿಸಿದ್ರು, ಆ ಎರಡು ಮ್ಯಾಚಿನ ಕಲೆಕ್ಷನ್ನು, ಟಿವಿ ದುಡ್ಡೇ ಸಾಲ ತೀರಿಸೋಕೆ ದಾರಿ ಮಾಡಿದ್ದು. ಆಲಿ ವಾಟ್ಕಿನ್ಸ್ ಗೊತ್ತಲ್ಲ, ಯೂರೋ 2024 ಸೆಮಿಫೈನಲಲ್ಲಿ ನೆದರ್ಲೆಂಡ್ಸ್ ಮೇಲೆ ಕೊನೇ ಗಳಿಗೇಲಿ ಗೋಲ್ ಹೊಡೆದೋನು, ಅವನು ಈ ಕ್ಲಬ್ಬಲ್ಲೇ ಬೆಳೆದ ಹುಡುಗ, ಅವನನ್ನ ಮಾರಿದ ದುಡ್ಡಲ್ಲೂ ಕ್ಲಬ್ ಉಸಿರಾಡಿದೆ. ಇಂಥಾ ಕಡೆಗೆ ನನ್ನ 110 ಪೌಂಡ್ ಹೋದ್ರೆ ಅದು ಶೇಖನಿಗೋ ಶತಕೋಟ್ಯಧಿಪತಿಗೋ ಹೋಗಲ್ಲ, ಹುಲ್ಲು ಕತ್ತರಿಸೋನ ಸಂಬಳಕ್ಕೆ ಸೇರುತ್ತೆ ಅನ್ನೋ ಸಮಾಧಾನ ಇದೆ.

ಇನ್ನೊಂದು ಹೇಳ್ದೇ ಇರೋಕಾಗಲ್ಲ. ಆಡಮ್ ಸ್ಟ್ಯಾನ್ಸ್‌ಫೀಲ್ಡ್ ಅಂತ ಒಬ್ಬ ಸ್ಟ್ರೈಕರ್ ಇದ್ದ, 2010ರಲ್ಲಿ ಕ್ಯಾನ್ಸರಿಂದ ತೀರ್ಕೊಂಡ, ಇನ್ನೂ ಆಡ್ತಿದ್ದ ವಯಸ್ಸು. ಅವನ 9ನೇ ನಂಬರ್ ಜೆರ್ಸೀನ ಕ್ಲಬ್ ಒಂಬತ್ತು ಸೀಸನ್ ಯಾರಿಗೂ ಕೊಡಲಿಲ್ಲ. 2022-23ರಲ್ಲಿ ಅವನ ಮಗ ಜೇ, ಫುಲಂ ಕ್ಲಬ್ಬಿಂದ ಲೋನ್ ಮೇಲೆ, ಅಂದ್ರೆ ಎರವಲಾಗಿ ಬಂದು ಅಪ್ಪನ ನಂಬರ್ ಹಾಕ್ಕೊಂಡು, ಅಪ್ಪನ ಹೆಸರಿಟ್ಟಿರೋ ಸ್ಟ್ಯಾಂಡ್ ಮುಂದೆ ಆಡಿದ. ಯಾವ ದೊಡ್ಡ ಚಾನೆಲ್ಲಿಗೂ ಅದು ಸುದ್ದಿ ಅಲ್ಲ, ಭಾರತದಲ್ಲಿ ಒಬ್ಬನಿಗೂ ಬೇಡದ ಮ್ಯಾಚು. ಆ ಒಂದು ಕ್ಯಾಮೆರಾ ಇದ್ದಿದ್ದಕ್ಕೆ ನಾನು ನೋಡಿದೆ. ಹೈಲೈಟ್ಸಲ್ಲಿ ಗೋಲ್ ಬರುತ್ತೆ, ಹುಡುಗ ಗ್ರೌಂಡಿಗೆ ಇಳಿಯೋವಾಗ ಜನ ಎದ್ದು ನಿಲ್ಲೋದು ಬರಲ್ಲ.

ಎಲ್ಲಾ ಚೆನ್ನಾಗಿದೆ ಅಂತೇನೂ ಇಲ್ಲ. ಎಫ್‌ಎ ಕಪ್ ಇದರಲ್ಲಿ ಸೇರಲ್ಲ, ಅದರ ಹಕ್ಕು ಬೇರೆಯವರದ್ದು. ಸ್ಟ್ರೀಮ್ ಸರಿಯಾಗಿ ಪೆನಾಲ್ಟಿ ಹೊತ್ತಿಗೇ ಸುತ್ತೋಕೆ ಶುರು ಮಾಡುತ್ತೆ. ದುಡ್ಡು ಕಟ್ಟೋದಂತೂ ಒಂದು ಕಥೆ, 2021ರ ಅಕ್ಟೋಬರಿಂದ ರಿಸರ್ವ್ ಬ್ಯಾಂಕ್ ಆಟೋ ಡೆಬಿಟ್ ನಿಯಮ ಬಿಗಿ ಮಾಡಿದ ಮೇಲೆ ಹೊರದೇಶದ ಚಂದಾ ತನ್ನಷ್ಟಕ್ಕೆ ರಿನ್ಯೂ ಆಗೋದು ನಿಂತುಹೋಯ್ತು, ನನ್ನ ಬ್ಯಾಂಕಿನವರಿಗೆ ಫೋನ್ ಮಾಡಿದ್ರೆ ಸಾರ್ ಮರ್ಚೆಂಟ್ ಕಡೆ ಪ್ರಾಬ್ಲಂ ಅಂತಾರೆ, ಇಂಗ್ಲೆಂಡಿಗೆ ಈಮೇಲ್ ಹಾಕಿದ್ರೆ ನಿಮ್ಮ ಬ್ಯಾಂಕನ್ನ ಕೇಳಿ ಅಂತಾರೆ, ಅಷ್ಟರಲ್ಲಿ ಮ್ಯಾಚ್ ಹಾಫ್‌ಟೈಮ್ ಆಗಿರುತ್ತೆ. ಸ್ಕೈ ಅನ್ನೋ ಅಲ್ಲಿನ ಟಿವಿ ಕಂಪನಿ 2024-25ರಿಂದ 5 ವರ್ಷಕ್ಕೆ 93.5 ಕೋಟಿ ಪೌಂಡ್ ಕೊಟ್ಟು ಈ ಲೀಗಿನ ಮ್ಯಾಚುಗಳನ್ನ ರಾಶಿ ರಾಶಿ ಎತ್ಕೊಂಡ ಮೇಲೆ ಬ್ರಿಟನ್ ಒಳಗಿನ ಕ್ಲಬ್ ಸ್ಟ್ರೀಮಿಂಗ್ ಕಥೆನೂ ಬದಲಾಗಿದೆ. ಅದೆಲ್ಲಾ ಇರಲಿ.

ಈಗ ನಮ್ಮೂರಿಗೆ ಬರ್ತೀನಿ. ನನ್ನ ಭಾವ ಕುವೈತಲ್ಲಿದ್ದಾರೆ. ಫುಟ್‌ಬಾಲ್ ಅಂದ್ರೆ ಊಟ ಬಿಡೋ ಜನ, ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗಿಂದ ಹಿಂದೆ ಬಿದ್ದಿದ್ದಾರೆ, ರಜಕ್ಕೆ ಬಂದ್ರೆ ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗದ ಹುಡುಗರ ಜೊತೆ ನಿಂತು ಗಂಟಲು ಕಟ್ಟೋ ತನಕ ಕೂಗೋರು. ನಮ್ಮ ಸಂಜೆ ಏಳೂವರೆ ಮ್ಯಾಚ್ ಅಂದ್ರೆ ಅವರಿಗೆ ಐದು ಗಂಟೆ, ದುಬೈಯವರಿಗೆ ಆರು, ಲಂಡನ್ನಲ್ಲಿ ಚಳಿಗಾಲದ ಮಧ್ಯಾಹ್ನ ಎರಡು, ನ್ಯೂಯಾರ್ಕಲ್ಲಿ ಬೆಳಗ್ಗೆ ಒಂಬತ್ತು ಕಾಫಿ ಟೈಮು, ಇದಕ್ಕಿಂತ ಒಳ್ಳೇ ಟೈಮ್ ಇನ್ನೇನು ಬೇಕು. ಆದರೆ ಮ್ಯಾಚ್ ದಿನ ಭಾವನ ಮೆಸೇಜ್ ಬರೋದು ಒಂದೇ ಥರ, "ಲಿಂಕ್ ಇದ್ರೆ ಕಳ್ಸೋ". ಕಳ್ಳ ಲಿಂಕು. ಕೈತುಂಬಾ ದುಡಿಯೋ ಮನುಷ್ಯ, ಕಾಸು ಕೊಡೋಕೆ ರೆಡಿ ಇದ್ದೋರು, ಟೆಲಿಗ್ರಾಂ ಗ್ರೂಪಲ್ಲಿ ಬೆಟ್ಟಿಂಗ್ ಜಾಹೀರಾತು ಮಧ್ಯೆ ತಮ್ಮ ಕ್ಲಬ್ಬನ್ನ ಹುಡುಕ್ತಾ ಕೂತಿರ್ತಾರೆ. ಒಂದು ಆಪ್ ಇಲ್ಲಿಯ ನಂಬರಿಗೇ ಓಟಿಪಿ ಕಳಿಸುತ್ತೆ, ಸಿಮ್ ಅಕ್ಕನ ಹಳೇ ಫೋನಲ್ಲಿ ಬೀರು ಒಳಗೆ ಇರುತ್ತೆ. ಇನ್ನೊಂದು, ನಿಮ್ಮ ದೇಶದಲ್ಲಿ ಲಭ್ಯ ಇಲ್ಲ ಅನ್ನುತ್ತೆ.

ಐಎಸ್ಎಲ್ ಲೀಗಿನವರು ಹೊರದೇಶಕ್ಕೆ ಏನೂ ಮಾಡ್ಲೇ ಇಲ್ಲ ಅಂತಲ್ಲ, ವನ್‌ಫುಟ್‌ಬಾಲ್ ಆಪಲ್ಲಿ ಕೆಲವು ಸೀಸನ್ ಬಂತು. ಆದರೆ ಇಲ್ಲೇ ನೋಡಿ, ಭಾರತದೊಳಗೇ ಹಾಟ್‌ಸ್ಟಾರ್, ಆಮೇಲೆ ಜಿಯೋಸಿನಿಮಾ, ಆಮೇಲೆ ಅವೆರಡೂ ಸೇರಿ ಇನ್ನೊಂದು ಅಂತ ಆಪಿಂದ ಆಪಿಗೆ ಗುಳೆ ಹೋಗಿದ್ದೇ ಆಯ್ತು, ಇನ್ನು ಹೊರಗಿರೋನಿಗೆ ಈ ಸಲ ಎಲ್ಲಿ ಅಂತ ಹೇಳೋರ್ಯಾರು? ಕ್ಲಬ್ಬನ್ನ ಕೇಳಿದ್ರೆ ಕ್ಲಬ್ಬಿನ ಕೈಯಲ್ಲಿ ಏನೂ ಇಲ್ಲ. ಹಕ್ಕೆಲ್ಲಾ ಒಂದೇ ಮೂಟೆ ಕಟ್ಟಿ ಮೇಲಿನವರು ಮಾರ್ತಾರೆ. 2010ರಲ್ಲಿ ಭಾರತದ ಫುಟ್‌ಬಾಲ್ ಫೆಡರೇಷನ್ನು ಐಎಂಜಿ-ರಿಲಯನ್ಸ್ ಜೊತೆ 15 ವರ್ಷಕ್ಕೆ ಮಾಡ್ಕೊಂಡ ಒಪ್ಪಂದ (ಆಮೇಲೆ ಐಎಸ್ಎಲ್ ನಡೆಸಿದ ಎಫ್‌ಎಸ್‌ಡಿಎಲ್ ಕಂಪನಿ ಕೈಗೆ ಬಂದಿದ್ದು) 2025ರ ಡಿಸೆಂಬರಿಗೆ ಮುಗಿಯೋದಿತ್ತು, ಮುಂದೇನು ಅಂತ ತೀರ್ಮಾನ ಆಗದೆ ಆ ಜುಲೈನಲ್ಲೇ ಸೀಸನ್ ತಡೆಹಿಡಿದ್ರು, ಆಗಸ್ಟಲ್ಲಿ ನಮ್ಮ ಕ್ಲಬ್ಬೇ ಆಟಗಾರರ, ಸ್ಟಾಫಿನ ಸಂಬಳ ನಿಲ್ಲಿಸಬೇಕಾಯ್ತು, ಕೊನೆಗೆ ಫೆಬ್ರವರೀಲಿ ಮೊಟಕು ಮಾಡಿ ಶುರು ಮಾಡಿದ್ರು. ಸಂಬಳಕ್ಕೇ ತತ್ವಾರ ಆದಾಗ, ಹೊರಗಡೆ ದುಡ್ಡು ಹಿಡ್ಕೊಂಡು ನಿಂತಿರೋ ಗಿರಾಕೀನ ಬಾಗಿಲಾಚೆ ನಿಲ್ಲಿಸಿರೋದು ಯಾವ ನ್ಯಾಯ?

ಎಷ್ಟು ಜನ ಕೊಡ್ತಾರೆ ಅಂತ ಕೇಳಬಹುದು. ಜಾಸ್ತಿ ಇರಲಿಕ್ಕಿಲ್ಲ, ಒಪ್ಪಿದೆ. ಎಕ್ಸೆಟರಿಗೂ ನನ್ನಂಥೋರು ಲಕ್ಷಗಟ್ಟಲೆ ಇಲ್ಲ. ಆದರೆ ಖರ್ಚು ಎಲ್ಲಿದೆ ಹೇಳಿ. ಐಎಸ್ಎಲ್ ಮ್ಯಾಚ್ ಪ್ರತಿಯೊಂದೂ ಟಿವಿಗೋಸ್ಕರ ಹೆಂಗೂ ಶೂಟ್ ಆಗುತ್ತೆ, ಒಂದು ಕ್ಯಾಮೆರಾ ಏನು, ಸುತ್ತ ಕ್ಯಾಮೆರಾ ಇರ್ತವೆ. ಆ ಫೀಡನ್ನೇ ಕ್ಲಬ್ಬಿನ ವೆಬ್‌ಸೈಟಿಗೆ ಬಿಡೋದು, ಭಾರತದ ಐಪಿ ಅಡ್ರೆಸ್ಸಿಗೆ ಬಾಗಿಲು ಹಾಕೋದು, ಹೊರಗಿನ ಕಾರ್ಡು ತಗೊಳ್ಳೋದು, ಅಷ್ಟೇ ಕೆಲಸ. ಯಾವ ದೇಶದಲ್ಲಿ ದೊಡ್ಡ ಚಾನೆಲ್ ನಿಜವಾಗಲೂ ದುಡ್ಡು ಕೊಟ್ಟು ಹಕ್ಕು ತಗೊಂಡಿದ್ಯೋ ಆ ದೇಶ ಬಿಟ್ಟುಬಿಡಿ, ಇಂಗ್ಲಿಷ್ ಲೀಗಿನವರೂ ಮಾಡೋದು ಅದನ್ನೇ. ಯಾರಿಗೂ ಬೇಡದೆ ಉಳಿದ ದೇಶಗಳನ್ನ ಕ್ಲಬ್ಬಿಗೆ ಕೊಡಿ ಅಂತಿದ್ದೀನಿ, ಯಾರ ತಟ್ಟೆಯಿಂದ್ಲೂ ಕಿತ್ಕೊಳ್ಳೋ ಮಾತಲ್ಲ. ಹೋಮ್ ಮ್ಯಾಚ್ ಅವೇ ಮ್ಯಾಚ್ ಎರಡೂ ನಮ್ಮ ಕ್ಲಬ್ ಪೇಜಲ್ಲೇ ಸಿಗಬೇಕು, ಒಂದು ಮ್ಯಾಚಿಗೂ ಪಾಸ್ ಇರಬೇಕು, ಇಡೀ ಸೀಸನ್ನಿಗೂ ಇರಬೇಕು. ಕೇರಳದವರು ಗಲ್ಫಲ್ಲಿ ಎಷ್ಟಿದ್ದಾರೆ ಅಂತ ಲೆಕ್ಕ ಹಾಕಿ, ಬ್ಲಾಸ್ಟರ್ಸ್ ಕ್ಲಬ್ ಇದರಲ್ಲಿ ನಮಗಿಂತ ಜಾಸ್ತಿನೇ ದುಡಿಯುತ್ತೆ, ಹೊಟ್ಟೆ ಉರಿದ್ರೂ ನಿಜ.

ನಮ್ಮವರೇನು ಕಮ್ಮಿ ಇಲ್ಲ ಅಲ್ಲಿ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟು ಮನೆ ಗಲ್ಫ್ ದುಡ್ಡಲ್ಲಿ ನಿಂತಿದೆ ಅಂತ ನಿಮಗೆ ಹೇಳಬೇಕಾ. ಬೆಂಗಳೂರು ಎಫ್‌ಸಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಿದ್ದು ದೋಹಾದಲ್ಲಿ, 2016ರ ನವೆಂಬರ್ 5, ಇರಾಕಿನ ಏರ್‌ಫೋರ್ಸ್ ಕ್ಲಬ್ ಮೇಲೆ 1-0 ಸೋತ್ವಿ, ಭಾರತದ ಕ್ಲಬ್ಬೊಂದು ಆ ಫೈನಲ್ ಮುಟ್ಟಿದ್ದು ಅದೇ ಮೊದಲು. 2023ರ ಮಾರ್ಚ್ 4ಕ್ಕೆ ಕರ್ನಾಟಕ ಮೇಘಾಲಯನ 3-2 ಸೋಲಿಸಿ ರಾಜ್ಯ ರಾಜ್ಯಗಳ ಮಧ್ಯದ ಸಂತೋಷ್ ಟ್ರೋಫಿ ಎತ್ತಿದ್ದೂ ಸೌದಿಯ ರಿಯಾದಲ್ಲೇ, 1968-69ರಲ್ಲಿ ಮೈಸೂರು ಹೆಸರಲ್ಲಿ ಗೆದ್ದ ಮೇಲೆ 54 ವರ್ಷ ಕಾದು. ನಮ್ಮ ಫುಟ್‌ಬಾಲಿನ ದೊಡ್ಡ ದೊಡ್ಡ ರಾತ್ರಿಗಳು ಗಲ್ಫಲ್ಲೇ ನಡೆದಿವೆ, ಮಾಮೂಲಿ ಶನಿವಾರದ ಮ್ಯಾಚ್ ಮಾತ್ರ ಗಲ್ಫಿಗೆ ತಲುಪಲ್ಲ.

ಜೊತೆಗೆ ಒಂದು ಆಸೆ. ಐಪಿಎಲ್ಲಿಗೆ, ಕಬಡ್ಡಿಗೆ ಕನ್ನಡ ಕಾಮೆಂಟ್ರಿ ಇದೆ, ಈ ಕ್ಲಬ್ ಸ್ಟ್ರೀಮಿಗೂ ಒಂದು ಕನ್ನಡ ಆಡಿಯೊ ಇಡಿ. ಸೂಟು ಬೂಟು ಹಾಕಿದ ಮಾಜಿ ಸ್ಟಾರ್ ಬೇಡ, ಆಸ್ಟಿನ್ ಟೌನಲ್ಲೋ ಗೌತಮಪುರದಲ್ಲೋ ಫುಟ್‌ಬಾಲ್ ಆಡಿ ಬೆಳೆದ ಒಬ್ಬ ಹಳೇ ಆಟಗಾರ, ಮಾತು ಬರೋ ಒಬ್ಬ ಹುಡುಗನೋ ಹುಡುಗೀನೋ, ಎರಡು ಮೈಕು ಸಾಕು. ಎಕ್ಸೆಟರ್ ಮ್ಯಾಚಲ್ಲಿ ನನ್ನನ್ನ ಹಿಡಿದಿಟ್ಟಿರೋದು ಅರ್ಧ ಆ ಡೆವನ್ ಗಂಟಲು. ಕುವೈತಲ್ಲಿರೋ ಭಾವನಿಗೂ "ಅಯ್ಯೋ ಹೊರಗ್ ಹೊಡ್ದ್‌ಬಿಟ್ಟಾ" ಅನ್ನೋ ಗಂಟಲು ಬೇಕಾಗಿರುತ್ತೆ.

ಬೆಂಗಳೂರು ಎಫ್‌ಸಿಯವರು, ಫೆಡರೇಷನ್ನವರು, ಮುಂದೆ ಲೀಗ್ ನಡೆಸೋಕೆ ಯಾರು ಬರ್ತಾರೋ ಅವರು, ಮೂವರಲ್ಲಿ ಒಬ್ಬರಾದ್ರೂ ಇದಕ್ಕೆ ಉತ್ತರ ಕೊಟ್ಟರೆ ಸಂತೋಷ. ನಿಮ್ಮ ಕ್ರೀಡಾ ವರದಿಗಾರರು ಮುಂದಿನ ಪ್ರೆಸ್‌ಮೀಟಲ್ಲಿ ಟೀಮ್ ಲಿಸ್ಟ್ ಕೇಳೋ ಜೊತೆಗೆ ಈ ಪ್ರಶ್ನೆನೂ ಕೇಳಲಿ: ಹೊರದೇಶದ ಸ್ಟ್ರೀಮಿಂಗ್ ಹಕ್ಕು ಹೊಸ ಒಪ್ಪಂದದಲ್ಲಿ ಯಾರ ಹೆಸರಿಗೆ ಬರೀತಿದ್ದೀರ, ಮಾರಾಟ ಆಗದೆ ಉಳಿದ ದೇಶಗಳನ್ನ ಕ್ಲಬ್ಬುಗಳಿಗೆ ಬಿಡ್ತೀರೋ ಇಲ್ವೋ.

ಇಂತಿ,
ಎರಡು ಕ್ಲಬ್ಬಿನ ಅಭಿಮಾನಿ, ನಿಮ್ಮ ಓದುಗ
ಹಲಸೂರು, ಬೆಂಗಳೂರು